ವಿಷಯ: 316 ಸ್ಟೀಲೆಂದು ಬಿಲ್ ಮಾಡಿ ಬೇರೆ ಬೋಲ್ಟು ಕಳಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ಫೋನು, ಮೇಲು, ಚಾಟು ಎಲ್ಲ ಮುಗಿದ ಮೇಲೆ ಈ ಪತ್ರ. ನಿಮ್ಮ ಆ್ಯಪಿನಲ್ಲಿ ನಾನು ತರಿಸಿದ್ದು ಎಂ6 ಅಳತೆಯ, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು-ನಟ್ಟು. ಬಿಲ್ಲಿನಲ್ಲೂ ಹಾಗೇ ಇದೆ. ಬಂದವುಗಳ ತಲೆಯ ಮೇಲೆ ಮಾತ್ರ ‘ಎ2-70’ ಎಂಬ ಅಚ್ಚು. ಎ2 ಅಂದರೆ 304 ಎಂಬ ಬೇರೆ ದರ್ಜೆಯ ಸ್ಟೀಲು, 316 ಆಗಿದ್ದರೆ ಎ4 ಇರಬೇಕು. ಬೋಲ್ಟು ಮಾರುವವರಿಗೆ ಇದನ್ನು ಕೊಳ್ಳುವವನು ಹೇಳಿಕೊಡಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ನನ್ನ ಕಯಾಕಿನ, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿಯ, ಸೀಟಿನ ಹಿಂದೆ ಮೀನಿನ ಕ್ರೇಟು ಕಟ್ಟಿ, ಅದಕ್ಕೆ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಗಾಳದ ರಾಡಿಗೆ ಹೋಲ್ಡರ್ ಮಾಡಿಕೊಂಡಿದ್ದೇನೆ. ಪೈಪಿನ ಬಾಯಿ ಬಿಸಿ ಮಾಡಿ ಅಗಲಿಸಿದ್ದು, ರೀಲಿನ ಕಾಲು ಕೂರಲು ಸೀಳು ಕೊಯ್ದದ್ದು, ಅಂಚು ಉಜ್ಜಿದ್ದು ಎಲ್ಲ ಮನೆಯ ಹಿತ್ತಲಲ್ಲೇ. ನಿಮ್ಮಿಂದ ತಂದದ್ದು ಬೋಲ್ಟು ಮಾತ್ರ, ಕೆಟ್ಟದ್ದೂ ಅದೊಂದೇ. ಕೋಡಿಬಾಗದ ಹತ್ತಿರ ಉಬ್ಬರದ ಹೊತ್ತಿಗೆ ಕಾಳಿ ನದಿಗೆ ಸಮುದ್ರದ ನೀರು ಏರುತ್ತದೆ. ಉಪ್ಪನ್ನು ತಡೆಯುವುದು 316ರಲ್ಲಿರುವ ಮಾಲಿಬ್ಡಿನಂ ಎಂಬ ಲೋಹ, ಹೆಚ್ಚು ದುಡ್ಡು ಕೊಟ್ಟದ್ದೂ ಅದಕ್ಕೇ. ಈಗ ನಟ್ಟಿನ ಬುಡದಿಂದ ಕಂದು ಕಲೆ ಇಳಿದಿದೆ. ಒರೆಸಿದರೆ ಕೆಳಗೆ ಸೂಜಿಮೊನೆಯಷ್ಟು ಗುಳಿಗಳು. ಇದರ ಭರವಸೆಯಲ್ಲಿ ರಾಡು ಬಿಟ್ಟು, ದೊಡ್ಡ ಚೊಣಕ ಮೀನು ಎಳೆದರೆ ಹೊಣೆ ಯಾರು?

ಇನ್ನು ನಿಮ್ಮ ಕಸ್ಟಮರ್ ಕೇರ್. “ಕಯಾಕ್ ಯಾವ ಕಂಪನಿ ಬೈಕು ಸರ್?” ದೋಣಿ ಎಂದೆ. “ಓ, ನೀರಿಗೆ ಹಾಕಿದ್ದೀರಾ? ಅದು ಮಿಸ್‌ಯೂಸ್ ಆಗತ್ತೆ.” ಅಚ್ಚು ಓದಿ ಹೇಳಿದೆ. “ಎ ಅಂದ್ರೆ ಎ ಕ್ಲಾಸ್ ಕ್ವಾಲಿಟಿ ಸರ್, ಒಳ್ಳೇದೇ ಅಲ್ವಾ?” ಹೋಲ್ಡ್. ಸಂಗೀತ. ಸೀನಿಯರ್ ಬಂದರು, ಎಲ್ಲವನ್ನೂ ಮೊದಲಿಂದ ಹೇಳಿಸಿದರು, ಬಳಸದ ಸ್ಥಿತಿಯಲ್ಲಿದ್ದರೆ ಮಾತ್ರ ವಾಪಸ್ ಎಂದರು. ಬಳಸದೆಯೇ ತುಕ್ಕು ಪರೀಕ್ಷಿಸುವ ವಿದ್ಯೆ ನನಗೆ ಬಾರದು ಎಂದೆ. ಮ್ಯೂಟ್ ಒತ್ತಿದ್ದೇವೆ ಅಂದುಕೊಂಡಿರಬೇಕು, ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು: “ಯಾರೋ ಮೀನು ಹಿಡಿಯೋನು ಕಣೋ, ನಾಲ್ಕು ಬೋಲ್ಟಿಗೆ ಪ್ರಾಣ ತಿಂತಿದಾನೆ.” ಜೊತೆಗೆ ನಗು. ಹೌದು ಸ್ವಾಮಿ, ಮೀನು ಹಿಡಿಯೋನೇ. ಕಾರವಾರದಲ್ಲಿ ಅದು ಬೈಗುಳವಲ್ಲ. ಫೋನಿಟ್ಟ ಕೂಡಲೇ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಮೆಸೇಜು ಬೇರೆ!

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ನಿಮಗೆ ಗೊತ್ತಿರುವ ವಿಷಯವೇ. ಹಣ ವಾಪಸ್ ಮಾಡಿದರೆ ಸರಿ, ಮಾಡದಿದ್ದರೂ ನನಗೇನೂ ಬೇಸರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಜಿಲ್ಲಾ ಗ್ರಾಹಕ ಆಯೋಗ ಇರುವುದು ಕಾರವಾರದಲ್ಲೇ, ನನಗೆ ಸೈಕಲ್ಲಿನ ದಾರಿ. ನಿಮ್ಮ ವಕೀಲರು ಘಟ್ಟ ಇಳಿದು ಬರಲಿ, ಪ್ರತಿ ತಾರೀಖಿಗೂ ಬರಲಿ. ಬೋಲ್ಟು, ಬಿಲ್ಲು, ಆ ಫೋನ್ ಕರೆಯ ರೆಕಾರ್ಡಿಂಗು ಮೂರೂ ನನ್ನ ಹತ್ತಿರ ಭದ್ರವಾಗಿವೆ.

ಇಂತಿ,
ಮೀನು ಹಿಡಿಯೋನು
ಕೋಡಿಬಾಗ, ಕಾರವಾರ