‘ಸಂಗ್ರಹ ಚಿತ್ರ’ ಅಂತ ಹಾಕಿ ಕೈ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರಲ್ಲಿ ಹಳೇ ಬೆಂಗಳೂರಿನ ಫೋಟೋಗಳು ಬಂದಿದ್ವು. ರವೀಂದ್ರ ಕಲಾಕ್ಷೇತ್ರದ ಸ್ಟೇಜ್ ಮೇಲೆ ಒಂದು ಹುಡುಗಿ ಅರಮಂಡಿಲಿ, ಅಂದ್ರೆ ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ಹಾಗೆ, ನಿಂತಿರೋದೂ ಇತ್ತು, ನೋಡಿ ತುಂಬಾ ಖುಷಿ ಆಯ್ತು, ಆದ್ರೆ ಕೆಳಗೆ ಬರೀ ‘ಸಂಗ್ರಹ ಚಿತ್ರ’ ಅಂತಿತ್ತು. ತೆಗೆದವರು ಯಾರು, ಯಾವ ವರ್ಷ, ಆ ಹುಡುಗಿ ಯಾರು, ಒಂದೂ ಇಲ್ಲ. ಅದಕ್ಕೇ ಈ ಪತ್ರ.

ನಮ್ಮ ಚಿಕ್ಕಮಾವ ಪ್ರೆಸ್ ಫೋಟೋಗ್ರಾಫರ್ ಆಗಿದ್ರು. ಬೆಳಿಗ್ಗೆ ವಿಧಾನಸೌಧ, ಮಧ್ಯಾಹ್ನ ಎಲ್ಲೋ ಸ್ಟ್ರೈಕು, ಸಂಜೆ ಆಯ್ತು ಅಂದ್ರೆ ಕಲಾಕ್ಷೇತ್ರ ಇಲ್ಲಾ ಚೌಡಯ್ಯ ಹಾಲ್, ರಾಮನವಮಿ ಬಂದ್ರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನ, ಚೈತ್ರ ಪೌರ್ಣಮಿ ರಾತ್ರಿ ತಿಗಳರಪೇಟೆಲಿ ಕರಗ. ಅವರು ಕೆಲಸ ಮಾಡ್ತಿದ್ದ ಆಫೀಸು ಬೇರೆ ಬಿಲ್ಡಿಂಗಿಗೆ ಹೋಗೋವಾಗ ನೆಗೆಟಿವ್ ಎಲ್ಲಾ ಗುಜರಿಗೆ ಹಾಕೋಕೆ ತೆಗೆದಿಟ್ಟಿದ್ರಂತೆ, ಇವರು ಆಟೋ ಮಾಡ್ಕೊಂಡು ಹೋಗಿ ಎರಡು ಟ್ರಂಕ್ ತುಂಬ್ಕೊಂಡು ಬಂದು ಅಟ್ಟದ ಮೇಲಿಟ್ರು. ಅವರು ತೀರ್ಕೊಂಡ ಮೇಲೆ ಮನೆ ಖಾಲಿ ಮಾಡೋವಾಗ ನಾವು ಆ ಟ್ರಂಕ್ ತೆಗೆದ್ವಿ, ಮುಚ್ಚಳ ಎತ್ತಿದ ತಕ್ಷಣ ವಿನೆಗರ್ ವಾಸನೆ ಮೂಗಿಗೆ ಹೊಡೀತು.

ಆಮೇಲೆ ತಿಳ್ಕೊಂಡೆ, ಹಳೇ ಅಸಿಟೇಟ್ ಫಿಲ್ಮು ಸೆಕೆಗೆ, ತೇವಕ್ಕೆ ಕೊಳೀತಾ ಅಸಿಟಿಕ್ ಆಸಿಡ್ ಬಿಡುತ್ತೆ, ಫಿಲ್ಮ್ ಸುಕ್ಕಾಗಿ ಮುದುಡ್ಕೊಳ್ಳುತ್ತೆ, ಒಂದು ರೋಲ್ ಹಾಳಾಗಿದ್ರೆ ಆ ಆಸಿಡ್ಡು ಪಕ್ಕದ್ದನ್ನೂ ಹಾಳು ಮಾಡುತ್ತೆ. ಶುರುವಾದ ಮೇಲೆ ವಾಪಸ್ ಸರಿ ಮಾಡೋಕಾಗಲ್ಲ, ಬೇರೆ ಬೇರೆ ಇಟ್ಟು, ತಣ್ಣಗೆ ಒಣಗಿರೋ ಜಾಗದಲ್ಲಿಟ್ಟು ನಿಧಾನ ಮಾಡಬಹುದು, ಅಷ್ಟರಲ್ಲಿ ಸ್ಕ್ಯಾನ್ ಮಾಡ್ಕೋಬೇಕು. ನಮ್ಮಲ್ಲಿ ಆಗಲೇ ಎಷ್ಟೋ ರೋಲ್ ಹೋಗಿಬಿಟ್ಟಿದ್ವು.

ಉಳಿದಿದ್ದನ್ನ ಟ್ಯೂಬ್‌ಲೈಟಿಗೆ ಹಿಡಿದು ಒಂದೊಂದೇ ನೋಡ್ತಾ ಕೂತೆ. ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ ಅಲ್ವಾ, ಮುಡಿದಿರೋ ಮಲ್ಲಿಗೆ ಕಪ್ಪು, ಕೂದಲು ಬೆಳ್ಳಗೆ. ಒಂದು ಕವರ್ ಮೇಲೆ ಬಾಲ್ ಪೆನ್ನಲ್ಲಿ ‘ಕಲಾಕ್ಷೇತ್ರ, ಭ.ನಾ., ಭಾನುವಾರ’ ಅಂತ ಮಾತ್ರ ಇತ್ತು, ಭ.ನಾ. ಅಂದ್ರೆ ಭರತನಾಟ್ಯ. ಆ ಪ್ರೋಗ್ರಾಂದು ಪೇಪರಲ್ಲಿ ಬಂದಿದ್ದ ಕಟಿಂಗೂ ಅದರ ಜೊತೆಗೇ ಇತ್ತು, ಸಿಂಗಲ್ ಕಾಲಂ, ಡ್ಯಾನ್ಸರ್ ಒಬ್ಬರೇ. ನೆಗೆಟಿವ್‌ನಲ್ಲಿ ನೋಡಿದ್ರೆ ಎಡಗಡೆ ಪೂರ್ತಿ ಹಿಮ್ಮೇಳ ಕೂತಿದೆ! ನಟುವಾಂಗದವರ, ಅಂದ್ರೆ ತಾಳ ಹಾಕ್ತಾ ಡ್ಯಾನ್ಸ್ ನಡೆಸೋರ, ತಾಳದ ಕೈ ಅಲುಗಿ ಮಸುಕಾಗಿದೆ, ಹಾಡೋರ ಬಾಯಿ ತೆರೆದಿದೆ, ಮೃದಂಗದವರು ತಲೆ ಎತ್ತಿ ಡ್ಯಾನ್ಸರ್ ಕಾಲನ್ನೇ ನೋಡ್ತಿದಾರೆ, ಕೊನೇಲಿ ಕೊಳಲು. ಪೇಜಲ್ಲಿ ಜಾಗ ಇಲ್ಲ ಅಂತ ನಾಲ್ಕೂ ಜನನ್ನ ಕತ್ತರಿಸಿದ್ರು.

ಆ ಮೃದಂಗದವರು ನಂಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಡ್ಯಾನ್ಸ್ ಕ್ಲಾಸಿಗೆ ಸೈಕಲ್ ಕ್ಯಾರಿಯರ್‌ಗೆ ಮೃದಂಗ ಕಟ್ಕೊಂಡು ಬರ್ತಿದ್ರು, ನಮ್ಮ ಹೆಜ್ಜೆ ತಪ್ಪಿದ್ರೂ ಬೈಯ್ಯದೆ ಮತ್ತೆ ಅದೇ ಜತಿ, ಅಂದ್ರೆ ಆ ಹೆಜ್ಜೆಯ ತಾಳದ ಸೊಲ್ಲು, ನುಡಿಸೋರು. ಈಗ ಇಲ್ಲ ಅವರು. ಅವರ ಮಗಳಿಗೆ ಫೋನ್ ಮಾಡಿದ್ರೆ, ಅಪ್ಪ ಸ್ಟೇಜ್ ಮೇಲೆ ನುಡಿಸ್ತಿರೋ ಫೋಟೋ ನಮ್ಮನೇಲಿ ಒಂದೂ ಇಲ್ಲ ಅಂದ್ರು. ಅಷ್ಟು ವರ್ಷ ನುಡಿಸಿದ ಮನುಷ್ಯ.

ಈ ಊರಿನ ನೃತ್ಯದ ಕಥೆ ಸಣ್ಣದಲ್ಲ. ಸೆಂಟ್ರಲ್ ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಿದ್ದ ಯು.ಎಸ್. ಕೃಷ್ಣರಾವ್ ಮತ್ತೆ ಅವರ ಹೆಂಡತಿ ಚಂದ್ರಭಾಗಾದೇವಿ ಇಲ್ಲಿ ಎಷ್ಟು ಜನಕ್ಕೆ ಭರತನಾಟ್ಯ ಕಲಿಸಿದ್ರು. ಮಾಯಾರಾವ್ ದೆಹಲಿಯಿಂದ 1987ರಲ್ಲಿ ಕಥಕ್ ಸಂಸ್ಥೆನೇ ಇಲ್ಲಿಗೆ ತಂದ್ರು. ಒಡಿಸ್ಸಿ ಡ್ಯಾನ್ಸರ್ ಪ್ರೊತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಅನ್ನೋ ಡ್ಯಾನ್ಸ್ ಶಾಲೆ ಶುರು ಮಾಡಿದ್ರು, ಅಲ್ಲಿನ ವಸಂತಹಬ್ಬದ ನೃತ್ಯ, ಸಂಗೀತಕ್ಕೆ ಜನ ಚಾಪೆ, ಶಾಲು ಹಿಡ್ಕೊಂಡು ಹೋಗಿ ಬೆಳಗಾಗೋವರೆಗೂ ಕೂರ್ತಿದ್ರು. ಆಮೇಲೆ ಆ ಹಬ್ಬ ನಿಂತೋಯ್ತು, ಪ್ರೊತಿಮಾ 1998ರಲ್ಲಿ ಮಾನಸಸರೋವರ ಯಾತ್ರೆ ದಾರೀಲಿ ಭೂಕುಸಿತದಲ್ಲಿ ಹೋದ್ರು. ಇದೆಲ್ಲಾ ದಿನದಿನಾ ಕಂಡಿದ್ದು ಪ್ರೆಸ್ ಫೋಟೋಗ್ರಾಫರ್‌ಗಳ ಕ್ಯಾಮೆರಾಗೆ ತಾನೆ.

ಟಿ.ಎಸ್. ಸತ್ಯನ್ ಅಂಥ ದೊಡ್ಡ ಪ್ರೆಸ್ ಫೋಟೋಗ್ರಾಫರ್ ತೆಗೆದ ಫೋಟೋಗಳು ಕಸ್ತೂರಬಾ ರಸ್ತೆಯ ಮ್ಯಾಪ್ ಮ್ಯೂಸಿಯಂನಲ್ಲಿ ಪ್ರದರ್ಶನ ಆಯ್ತು, ಹೋಮಾಯಿ ವ್ಯಾರಾವಾಲಾ ಅವರ ಸಂಗ್ರಹ ದೆಹಲಿಯ ಅಲ್ಕಾಜಿ ಫೌಂಡೇಶನ್ ಸೇರಿದೆ, ಬಹಳ ಸಂತೋಷ. ಹೆಸರು ಮಾಡದೇ ಇರೋ ಲೋಕಲ್ ಫೋಟೋಗ್ರಾಫರ್‌ಗಳ ಟ್ರಂಕುಗಳ ಗತಿ ಏನು? ಮ್ಯೂಸಿಯಂನವರು ಎಲ್ಲಾರ ಮನೆ ಅಟ್ಟ ಹತ್ತೋಕಾಗಲ್ಲ.

ಅದಕ್ಕೆ ನಿಮ್ಮಲ್ಲಿ ಕೇಳ್ಕೊಳ್ಳೋದು ಏನಂದ್ರೆ, ಪ್ರತಿ ಭಾನುವಾರ ನಿಮ್ಮ ಲೈಬ್ರರಿಯಿಂದ ಒಂದು ಹಳೇ ಫೋಟೋ, ಕತ್ತರಿಸದೆ ಪೂರ್ತಿ ಫ್ರೇಮು, ತೆಗೆದವರ ಹೆಸರು ಸಮೇತ ಹಾಕಿ, ಇದರಲ್ಲಿರೋರು ಯಾರು ಅಂತ ಓದುಗರನ್ನೇ ಕೇಳಿ. ಬಸವನಗುಡಿ ಮಲ್ಲೇಶ್ವರಂ ಕಡೆ ಎಪ್ಪತ್ತು ಎಂಬತ್ತು ದಾಟಿದ ಟೀಚರ್‌ಗಳು, ಹಿಮ್ಮೇಳದವರು ಇನ್ನೂ ಇದಾರೆ, ಮುಖ ನೋಡಿ ಥಟ್ ಅಂತ ಹೆಸರು ಹೇಳ್ತಾರೆ. ಸ್ಕ್ಯಾನ್ ಹತ್ತು ವರ್ಷ ಬಿಟ್ಟು ಬೇಕಾದ್ರೂ ಮಾಡಬಹುದು ಅನ್ನೋರಿಗೆ ನಾನು ಹೇಳೋದು ಇದೇ, ಅಷ್ಟೊತ್ತಿಗೆ ಫಿಲ್ಮೂ ಇರಲ್ಲ, ಹೆಸರು ಹೇಳೋರೂ ಇರಲ್ಲ.

ಮೃದಂಗದವರ ಮಗಳಿಗೆ ಪ್ರಿಂಟ್ ಹಾಕಿಸಿ ಕೊಟ್ಟೆ. ನಟುವಾಂಗದವರು ಯಾರು ಅಂತ ಅವರೇ ಹೇಳಿದ್ರು. ಕೊಳಲಿನವರು, ಕನ್ನಡಕ ಹಾಕಿದಾರೆ, ಸಣ್ಣ ಮೀಸೆ, ಇನ್ನೂ ಗೊತ್ತಾಗಿಲ್ಲ. ನೀವು ಹಾಕ್ತೀರಿ ಅಂದ್ರೆ ಫೋಟೋ ತಗೊಂಡು ನಾನೇ ಆಫೀಸಿಗೆ ಬರ್ತೀನಿ.

– ಒಬ್ಬ ಓದುಗರು, ಹನುಮಂತನಗರ, ಬೆಂಗಳೂರು