ಸೆನ್ಸಾರ್ ಅಧಿಕಾರಿಯ ಸಮಕ್ಷಮದಲ್ಲಿ

ಪ್ರಿಯ ‘ಕಪ್ತಾನ’ನಿಗೆ,

ಉಭಯಕುಶಲೋಪರಿ. ಈಚೆಗೆ ನಾನು ಓದುತ್ತಿರುವುದು ನನ್ನ ಹೆಸರಿಗೆ ಬಾರದ ಕಾಗದಗಳನ್ನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ಮನೆಗೆ ಬರೆದ ಪತ್ರಗಳವು. ನೀನು ಹಡಗಿನ ಕೆಲಸಕ್ಕೆ ಸೇರಿದ ಮೇಲೆ ಹಡಗೆಂಬ ಮಾತು ಎಲ್ಲಿ ಕಂಡರೂ ನನ್ನ ಕಣ್ಣು ಅಲ್ಲಿಯೇ ನಿಲ್ಲುತ್ತದೆ.

ಭಾರತೀಯ ಸೈನ್ಯದ ಲಾಹೋರ್ ಡಿವಿಷನ್ನಿನ ತುಕಡಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಬಂದಿಳಿಯತೊಡಗಿದ್ದು 1914ರ ಸೆಪ್ಟೆಂಬರ್ 26ರಂದು. ಅದಕ್ಕೆ ನಾಲ್ಕೇ ದಿನ ಮೊದಲು ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿತ್ತು. ಹಿಂದಿನಿಂದ ಹೊರಡಬೇಕಾದವರು ಎಂಥ ದಿಗಿಲಿನಲ್ಲಿ ಹಡಗು ಹತ್ತಿರಬೇಕೆಂದು ಊಹಿಸಿಕೋ. ಪಂಜಾಬಿನ ಬಯಲಿನಿಂದಲೂ ಗಢವಾಲದ ಬೆಟ್ಟಗಳಿಂದಲೂ ಬಂದ, ಸಮುದ್ರವನ್ನೇ ಕಾಣದಿದ್ದ ಜನ. ಜೊತೆಯಲ್ಲಿ ಕುದುರೆಗಳು. ಕುದುರೆಗೆ ಹೊಟ್ಟೆ ತೊಳಸಿದರೂ ವಾಂತಿ ಮಾಡಲು ಬಾರದೆಂಬ ಸಂಗತಿ ನನಗೆ ಈ ನೆಪದಲ್ಲಿ ತಿಳಿಯಿತು. ಇಕ್ಕಟ್ಟಿನ ಕಟಕಟೆಯಲ್ಲಿ ದಿನಗಟ್ಟಲೆ ನಿಂತೇ ಕಡಲು ದಾಟಬೇಕಾದ ಆ ಮೂಕಪ್ರಾಣಿಗಳ ಮುಂದೆ, ನಿನ್ನ ಮೊದಲ ಯಾನದ ವರ್ಣನೆಯನ್ನು ಇನ್ನು ಮುಂದೆ ಸ್ವಲ್ಪ ತಗ್ಗಿಸಿ ಹೇಳುವುದು ಒಳ್ಳೆಯದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಡಗಲ್ಲ, ಆ ಕಾಗದಗಳು ಉಳಿದ ಬಗೆ. ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಓದುಬರಹ ಬಾರದು. ಹೇಳಿದ್ದನ್ನು ಬೇರೊಬ್ಬ ಬರೆಯಬೇಕು, ಊರಿನಲ್ಲಿ ಇನ್ನೊಬ್ಬ ಓದಿ ಹೇಳಬೇಕು. ಈ ಇಬ್ಬರ ನಡುವೆ, ಫ್ರಾನ್ಸಿನಲ್ಲಿಯೇ, ಸರ್ಕಾರದ ಸೆನ್ಸಾರ್ ಅಧಿಕಾರಿಗಳು ಲಕೋಟೆ ಬಿಚ್ಚಿ, ಗಮನಕ್ಕೆ ಬಂದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಗೆ ಸೇರಿಸುತ್ತಿದ್ದರು. ಮೂಲ ಕಾಗದಗಳು ಬಹುಮಟ್ಟಿಗೆ ಕಣ್ಮರೆಯಾದವು. ವರದಿಗಳು ಮಾತ್ರ ಲಂಡನ್ನಿನಲ್ಲಿ ಭದ್ರವಾಗಿವೆ. ಕದ್ದು ಓದಿದವನೇ ಕಾಪಾಡಿದವನೂ ಆದನೆಂಬುದನ್ನು ನನಗೆ ಇನ್ನೂ ಜೀರ್ಣಿಸಿಕೊಳ್ಳಲಾಗಿಲ್ಲ.

ತಮ್ಮ ಕಾಗದವನ್ನು ಯಾರೋ ಓದುತ್ತಾರೆಂಬುದು ಸಿಪಾಯಿಗಳಿಗೂ ಗೊತ್ತಾಯಿತು. ಆಮೇಲೆ ಭಾರತೀಯ ಸೈನಿಕರು ಕರಿಮೆಣಸಾದರು, ಬಿಳಿಯರು ಕೆಂಪು ಮೆಣಸಿನಕಾಯಿಯಾದರು. ಕರಿಮೆಣಸು ತೀರುತ್ತಾ ಬಂತೆಂದು ಬರೆದರೆ ಮನೆಯವರು ಅರ್ಥ ಮಾಡಿಕೊಳ್ಳಬೇಕು. ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ನಿಗೆ ಹೋದವರು, ರಾಜರ ಹಳೆಯ ಅರಮನೆಯೇ ತಮಗೆ ಆಸ್ಪತ್ರೆಯಾಗಿದೆಯೆಂದು ಹಾಡಿ ಹೊಗಳಿದ್ದಾರೆ. ಅದರಲ್ಲಿ ಎಷ್ಟು ಮನೆಯವರ ಸಮಾಧಾನಕ್ಕೆ, ಎಷ್ಟು ಸೆನ್ಸಾರಿನವನ ಸಮಾಧಾನಕ್ಕೆ? ಎಲ್ಲವೂ ರಾಜಭಕ್ತಿಯೆಂದು ನಂಬುವವರನ್ನೂ ಎಲ್ಲವೂ ಭಯವೆಂದು ತಳ್ಳಿಹಾಕುವವರನ್ನೂ ನಾನು ಒಪ್ಪಲಾರೆ. ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಹೊಲಮನೆಗಳನ್ನು ತಾವೇ ನಡೆಸುತ್ತಿದ್ದ ಫ್ರೆಂಚ್ ಹೆಂಗಸರನ್ನು ಕಂಡು ಅವರು ಪಟ್ಟ ಬೆರಗು ಯಾರ ಒತ್ತಾಯದಿಂದಲೂ ಬಂದದ್ದಲ್ಲ.

ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ಬ್ರಿಟಿಷ್ ಸೈನ್ಯದಲ್ಲಿ ಒಂದು ಅಚ್ಚು ಹಾಕಿದ ಕಾರ್ಡು ಇತ್ತು: ‘ಕ್ಷೇಮವಾಗಿದ್ದೇನೆ’, ‘ಆಸ್ಪತ್ರೆಗೆ ಸೇರಿದ್ದೇನೆ’, ‘ನಿನ್ನಿಂದ ಬಹುಕಾಲದಿಂದ ಕಾಗದವಿಲ್ಲ’ ಎಂಬಂಥ ವಾಕ್ಯಗಳಲ್ಲಿ ಬೇಡವಾದವನ್ನು ಹೊಡೆದುಹಾಕಿ, ತಾರೀಕು ಬರೆದು ಸಹಿ ಮಾಡಬೇಕು; ಬೇರೆ ಏನು ಬರೆದರೂ ಕಾರ್ಡನ್ನು ನಾಶಪಡಿಸಲಾಗುವುದು. ಅದನ್ನು ನೋಡುತ್ತಿದ್ದಂತೆ, ನೀನು ಹೋದಂದಿನಿಂದ ನಾನು ನಿನಗೆ ಕಳುಹಿಸುತ್ತಾ ಬಂದದ್ದು ಇಂಥವನ್ನೇ ಎನಿಸಿತು. ನನ್ನ ಮೇಲೆ ಯಾವ ಅಧಿಕಾರಿಯ ಕಣ್ಣೂ ಇರಲಿಲ್ಲ. ಸಂಜೆಯಾದರೆ ಹೋಗಿ ಕೂರಲು ಒಂದು ಮನೆಯಿಲ್ಲವೆಂದಾಗಲಿ, ನಿನ್ನ ಹಡಗು ಸಿಗ್ನಲ್ ಇಲ್ಲದ ಕಡೆ ಹೋದಾಗಲೆಲ್ಲ ನಾನು ಭೂಪಟ ತೆರೆದು ಕೂರುತ್ತೇನೆಂದಾಗಲಿ, ನೀನು ಹೊರಟ ದಿನ ನಗುನಗುತ್ತಾ ಕೈಬೀಸಿದವನಿಗೆ ಒಳಗೊಳಗೇ ನಿನ್ನ ಮೇಲೆ ಸಿಟ್ಟಿತ್ತೆಂದಾಗಲಿ ಬರೆಯಬೇಡವೆಂದು ಯಾರೂ ಹೇಳಿರಲಿಲ್ಲ. ನಿನಗೊಬ್ಬನಿಗೇ ಬರೆಯಲು ಕೂತರೆ ‘ಎಲ್ಲಾ ಕ್ಷೇಮ’ ಎಂಬಲ್ಲಿಗೆ ಕೈ ನಿಂತುಬಿಡುತ್ತದೆ; ಹೀಗೆ ನಾಲ್ಕು ಜನರ ಎದುರಿಗಾದರೆ ಬರೆಯಬಲ್ಲೆ, ಏಕೆಂದರೆ ನಾಳೆ ನೀನು ಕೇಳಿದರೆ ಅದೆಲ್ಲ ಬರವಣಿಗೆಯ ಶೃಂಗಾರವೆಂದು ಜಾರಿಕೊಳ್ಳಬಹುದು.

ಜಾರಿಕೊಂಡಿದ್ದೇನೆ, ನೋಡು. ನಮ್ಮ ಹಾರ್ಮೋನಿಯಂ ನನ್ನ ಬಳಿಯೇ ಇದೆ, ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಇದನ್ನು ನಿನ್ನ ತಾಯಿಯವರು ನಿನಗಿಂತ ಮೊದಲೇ ಓದುತ್ತಾರೆಂಬುದು ಈಗಷ್ಟೇ ಹೊಳೆಯಿತು. ಅಮ್ಮಾ, ನಿಮ್ಮ ಮಗ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾನೆ, ಗಡ್ಡ ಬಿಟ್ಟಿಲ್ಲ, ನಮ್ಮಲ್ಲಿ ಕರಿಮೆಣಸಿಗೆ ಯಾವ ಕೊರತೆಯೂ ಇಲ್ಲ.

ಇಂತಿ,
ನಿನ್ನ ಬಡ ಗುಮಾಸ್ತ