ಸಮುರಾಯ್ ಧಾರಾವಾಹಿ ನೋಡಿದವರು ಆ ನೆಲವನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಜಪಾನಿನ ಸಮುರಾಯ್ ಕಾಲದ ಕಥೆಗಳನ್ನು ಈಗ ನಮ್ಮ ಮನೆಗಳಲ್ಲೂ ಆಸಕ್ತಿಯಿಂದ ನೋಡುತ್ತಿದ್ದಾರೆ. 2024ರಲ್ಲಿ ಬಂದು ಅದೇ ವರ್ಷ 18 ಎಮ್ಮಿ ಪ್ರಶಸ್ತಿಗಳನ್ನು ಪಡೆದ ‘ಶೋಗನ್’ ಧಾರಾವಾಹಿಯನ್ನು ನನ್ನ ಬಂಧುಬಳಗದಲ್ಲೇ ಹಲವರು ನಿದ್ದೆಗೆಟ್ಟು ನೋಡಿದರು. ಕೆಲಸದ ನಿಮಿತ್ತ ಜಪಾನಿನ ಐಚಿ ಪ್ರಾಂತ್ಯದಲ್ಲಿ ಮೂರು ವರ್ಷ ಇದ್ದು ಬಂದವನೆಂಬ ಕಾರಣಕ್ಕೆ, ನೋಡಿ ಮುಗಿಸಿದವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಇದೆಲ್ಲ ನಿಜವಾಗಿ ನಡೆದದ್ದೇ?’

ಕಥೆಯ ತಿರುಳು ನಡೆದದ್ದೇ. ಧಾರಾವಾಹಿಯ ನಾಯಕ ತೊರಾನಾಗನ ಹಿಂದೆ ಇರುವವನು, ಮುಂದೆ ಜಪಾನನ್ನು ಆಳಿದ ಸೇನಾಧಿಪತಿ ತೊಕುಗಾವಾ ಇಯೆಯಾಸು. ಬ್ಲ್ಯಾಕ್‌ಥಾರ್ನ್ ಎಂಬ ಪಾತ್ರಕ್ಕೆ ಮೂಲ, 1600ರಲ್ಲಿ ಡಚ್ ಹಡಗೊಂದರಲ್ಲಿ ಜಪಾನಿನ ದಡ ಸೇರಿದ ಇಂಗ್ಲಿಷ್ ನಾವಿಕ ವಿಲಿಯಂ ಆಡಮ್ಸ್. ಆದರೆ ಅದರ ಚಿತ್ರೀಕರಣ ಬಹುಪಾಲು ನಡೆದದ್ದು ಕೆನಡಾದಲ್ಲಿ. ಪರದೆಯ ಮೇಲಿನ ಕಡಲತೀರ, ಕಾಡು, ಮಂಜು ಹೆಚ್ಚಿನವು ಜಪಾನಿನವಲ್ಲ. ಅದು ಧಾರಾವಾಹಿಯ ದೋಷವಲ್ಲ. ಇತಿಹಾಸದಲ್ಲಿ ಆಸಕ್ತಿ ಹುಟ್ಟಿದವರು ಅಲ್ಲಿಗೇ ನಿಲ್ಲಬಾರದು ಎಂಬುದಷ್ಟೇ ನನ್ನ ಕಳಕಳಿ. ಜಪಾನೀಯರು ನಿಲ್ಲುವುದಿಲ್ಲ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1963ರಿಂದ ಭಾನುವಾರ ರಾತ್ರಿ ‘ತೈಗಾ’, ಅಂದರೆ ಮಹಾನದಿ, ಎಂಬ ಹೆಸರಿನ ಐತಿಹಾಸಿಕ ಧಾರಾವಾಹಿಯನ್ನು ಸಾಮಾನ್ಯವಾಗಿ ವರ್ಷಕ್ಕೊಂದರಂತೆ ಪ್ರಸಾರ ಮಾಡುತ್ತಿದೆ. 2023ರಲ್ಲಿ ಇಯೆಯಾಸುವಿನ ಕಥೆ ಬಂದಾಗ ಅವನು ಹುಟ್ಟಿದ ಒಕಾಜಾಕಿ ಊರಿಗೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬರುವ ಸಂಸಾರಗಳನ್ನು ನಾನೇ ಕಂಡಿದ್ದೇನೆ.

ಬಿಡದಿಯ ಕಾರ್ಖಾನೆಯ ಮೂಲಕ ನಮಗೆಲ್ಲ ಹೆಸರು ಪರಿಚಿತವಾಗಿರುವ ಟೊಯೊಟಾದ ತವರು ಪಟ್ಟಣ ಈ ಒಕಾಜಾಕಿಯ ಮಗ್ಗುಲಲ್ಲೇ ಇದೆ. ಛಿದ್ರಗೊಂಡಿದ್ದ ಜಪಾನನ್ನು ಒಂದುಗೂಡಿಸಿದ ನೊಬುನಾಗ, ಹಿದೆಯೊಶಿ, ಇಯೆಯಾಸು ಮೂವರೂ ಇಂದಿನ ಐಚಿ ಪ್ರಾಂತ್ಯದ ನೆಲದವರು. ಅಲ್ಲಿಗೆ ಕೆಲಸಕ್ಕೋ ತರಬೇತಿಗೋ ಹೋಗುವ ಕನ್ನಡಿಗರಿಗೆ ಇದು ರಜೆಯ ಒಂದು ದಿನದ ದಾರಿ.

ಒಕಾಜಾಕಿಯ ದೈಜುಜಿ ದೇವಾಲಯ ತೊಕುಗಾವಾ ಮನೆತನದ ಪೂರ್ವಿಕರ ಸಮಾಧಿಗಳಿರುವ ಸ್ಥಳ. 1560ರ ಒಕೆಹಜಾಮಾ ಕದನದಲ್ಲಿ ಒಡೆಯನನ್ನು ಕಳೆದುಕೊಂಡು ಓಡಿಬಂದ ತರುಣ ಇಯೆಯಾಸು ಆ ಸಮಾಧಿಗಳ ಮುಂದೆ ಪ್ರಾಣ ಬಿಡಲು ಹೊರಟನೆಂದೂ, ಅಲ್ಲಿನ ಗುರುಗಳು ಬುದ್ಧಿ ಹೇಳಿ ತಡೆದರೆಂದೂ ಐತಿಹ್ಯವಿದೆ. ಆ ದೇಗುಲದ ಮುಂದೆ ನಿಂತು ದಕ್ಷಿಣಕ್ಕೆ ನೋಡಿದರೆ ಒಂದು ಮಹಾದ್ವಾರ, ಅದರಾಚೆ ಶಾಲೆಯೊಂದರ ಆಟದ ಬಯಲು, ಬಯಲಿನ ಕೊನೆಗೆ ಇನ್ನೊಂದು ಬಾಗಿಲು. ಆ ಬಾಗಿಲಿನ ಚೌಕಟ್ಟಿನೊಳಗೆ ಮೂರು ಕಿಲೋಮೀಟರ್ ದೂರದ ಒಕಾಜಾಕಿ ಕೋಟೆಯ ಗೋಪುರ ಬೆರಳ ತುದಿಯಷ್ಟು ಗಾತ್ರದಲ್ಲಿ ಕಾಣುತ್ತದೆ. ಆ ನೋಟಕ್ಕೆ ಅಡ್ಡ ಬರುವಂಥ ಎತ್ತರದ ಕಟ್ಟಡವನ್ನು ಊರಿನವರು ಇಂದಿಗೂ ಕಟ್ಟಿಲ್ಲ.

ನೆಲವು ಧಾರಾವಾಹಿಗಳನ್ನು ತಿದ್ದುವುದೂ ಉಂಟು. 1600ರ ಅಕ್ಟೋಬರ್ 21ರಂದು ಜಪಾನಿನ ಮುಂದಿನ ಎರಡೂವರೆ ಶತಮಾನಗಳ ಹಣೆಬರಹವನ್ನು ಬರೆದ ಸೆಕಿಗಹರಾ ಯುದ್ಧವನ್ನೇ ನೋಡಿ. ಇಯೆಯಾಸುವಿನ ಎದುರಾಳಿ ಇಶಿದಾ ಮಿತ್ಸುನಾರಿಯ ಪಕ್ಷದಲ್ಲಿದ್ದ ಹದಿಹರೆಯದ ಕೊಬಯಕಾವಾ ಹಿದೆಯಾಕಿ ಸುಮಾರು ಹದಿನೈದು ಸಾವಿರ ಸೈನಿಕರೊಂದಿಗೆ ಮತ್ಸುವೊ ಗುಡ್ಡದ ಮೇಲೆ ಸುಮ್ಮನೆ ಕೂತಿರುತ್ತಾನೆ. ತಾಳ್ಮೆಗೆಟ್ಟ ಇಯೆಯಾಸು ಅವನ ಕಡೆಗೆ ಬಂದೂಕು ಹಾರಿಸಲು ಆಜ್ಞಾಪಿಸುತ್ತಾನೆ. ಹೆದರಿದ ಹುಡುಗ ಪಕ್ಷ ಬದಲಿಸಿ ಗುಡ್ಡ ಇಳಿಯುತ್ತಾನೆ. ಪರದೆಯ ಮೇಲೆ ಮೈ ಜುಮ್ಮೆನ್ನಿಸುವ ಈ ಘಟನೆಯನ್ನು ಇತ್ತೀಚಿನ ಇತಿಹಾಸಕಾರರು ಸಂಶಯದಿಂದ ಕಾಣುತ್ತಾರೆ ಎಂದು ಓದಿದ್ದೆ. ಆ ಸಂಶಯ ನನಗೆ ಮನದಟ್ಟಾದದ್ದು, ಏದುಸಿರು ಬಿಡುತ್ತ ಅದೇ ಗುಡ್ಡವನ್ನು ಹತ್ತಿ ತುದಿಯಲ್ಲಿ ನಿಂತಾಗ. ಕೆಳಗಿನ ಬಯಲು ಹಾಸಿಟ್ಟ ನಕಾಶೆಯಂತೆ ಕಂಡಿತು. ಮನೆಗಳು ಬೆಂಕಿಪೊಟ್ಟಣದಷ್ಟು, ರಸ್ತೆಯ ಲಾರಿಗಳ ಸದ್ದು ಇಲ್ಲವೇ ಇಲ್ಲವೆನ್ನುವಷ್ಟು ಕ್ಷೀಣ. ಸಾವಿರಾರು ಜನ ಕಾದಾಡುತ್ತಿದ್ದ ಗದ್ದಲದಲ್ಲಿ ಅಷ್ಟು ಕೆಳಗೆ ಹಾರಿದ ಗುಂಡುಗಳು ತಮ್ಮನ್ನೇ ಗುರಿಯಾಗಿಸಿದವೆಂದು ಮೇಲಿದ್ದವರಿಗೆ ಗೊತ್ತಾದೀತು ಹೇಗೆ? ಅದೇ ಎತ್ತರದಿಂದ, ಯಾರ ಬೆದರಿಕೆಯೂ ಇಲ್ಲದೆ, ಯಾವ ಪಕ್ಷ ಸೋಲುತ್ತಿದೆಯೆಂಬುದನ್ನು ಆ ಹುಡುಗ ಕಣ್ಣಾರೆ ಕಂಡಿರಬಹುದು ಎಂದು ನನಗೆ ಅನ್ನಿಸಿತು.

1575ರ ನಾಗಶಿನೊ ಕದನದ್ದೂ ಇದೇ ಕಥೆ. ಧಾರಾವಾಹಿಗಳಲ್ಲಿ ನೊಬುನಾಗನ ವೈರಿ ತಾಕೆದಾ ಮನೆತನದ ಪಡೆಯ ಕುದುರೆಗಳು ಕಣ್ಣು ಹಾಯುವಷ್ಟು ದೂರದ ಬಯಲಿನಲ್ಲಿ ನಾಗಾಲೋಟದಿಂದ ಬರುತ್ತವೆ. ಶಿನ್‌ಶಿರೊ ಪಟ್ಟಣದ ಹತ್ತಿರವಿರುವ ನಿಜವಾದ ಜಾಗವಾದರೋ ಎರಡು ಗುಡ್ಡಸಾಲುಗಳ ನಡುವಿನ, ನಮ್ಮ ಮಲೆನಾಡಿನ ಗದ್ದೆಬಯಲಿನಂಥ ಕಿರಿದಾದ ಕಣಿವೆ. ನಡುವೆ ಹರಿಯುವ ರೆಂಗೊ ಒಂದು ಸಣ್ಣ ಹಳ್ಳ. ನೊಬುನಾಗನ ಬಂದೂಕುಗಾರರು ಮರೆಯಾಗಿ ನಿಂತಿದ್ದ ಮರದ ಬೇಲಿಯನ್ನು ಈಗ ಗದ್ದೆಯ ಅಂಚಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಪತ್ರಿಕೆಗಳ ಪ್ರವಾಸ ಪುಟಗಳ ಬಗ್ಗೆ ನನ್ನದೊಂದು ವಿನಂತಿ. ಈಚೆಗೆ ಓದಿದ ಬರಹವೊಂದರಲ್ಲಿ ಐಚಿಯ ಮುಖ್ಯ ನಗರ ನಗೋಯಾದ ಕೋಟೆಯ ಗೋಪುರವನ್ನು ನಾಲ್ಕು ಶತಮಾನ ಹಳೆಯದೆಂದು ವರ್ಣಿಸಲಾಗಿತ್ತು. ಮೂಲ ಗೋಪುರ 1945ರ ಮೇ ತಿಂಗಳ ವಾಯುದಾಳಿಯಲ್ಲಿ ಸುಟ್ಟುಹೋಯಿತು. ಈಗಿರುವುದು 1959ರ ಕಾಂಕ್ರೀಟ್ ಕಟ್ಟಡ. ಒಕಾಜಾಕಿಯದೂ ಅದೇ ವರ್ಷದ್ದು, ಒಸಾಕಾದ್ದು 1931ರದು. ಸಮುರಾಯ್ ಕಾಲದಿಂದ ಉಳಿದುಬಂದ ಗೋಪುರಗಳು ಇಡೀ ದೇಶದಲ್ಲಿ ಹನ್ನೆರಡೇ. ಅವುಗಳಲ್ಲೊಂದಾದ ಇನುಯಾಮಾ ಐಚಿಯಲ್ಲೇ ಇದೆ. ಅಲ್ಲಿ ಪಾದರಕ್ಷೆ ಕಳಚಿ ಒಳಹೊಕ್ಕರೆ, ಸವೆದು ನುಣುಪಾದ ಹಲಗೆಗಳ ತಂಪು ಅಂಗಾಲಿಗೆ ತಾಗುತ್ತದೆ. ಮೆಟ್ಟಿಲುಗಳು ನಮ್ಮ ಹಳೆಯ ಮನೆಗಳ ಅಟ್ಟದ ಏಣಿಯಷ್ಟೇ ಕಡಿದು, ಕೈಯೂರಿಯೇ ಹತ್ತಬೇಕು. ಯಾವುದು ಮೂಲದ್ದು, ಯಾವುದು ಮರಳಿ ಕಟ್ಟಿದ್ದು ಎಂಬ ಒಂದು ಸಾಲು ಚಿತ್ರದ ಕೆಳಗಿದ್ದರೆ ದೂರದೇಶದಿಂದ ಹಣ ತೆತ್ತು ಹೋಗುವ ಓದುಗರಿಗೆ ದೊಡ್ಡ ಉಪಕಾರವಾಗುತ್ತದೆ.

ಹೊರಟವರಿಗೆ ಒಂದು ಮಾತು: ನಗೋಯಾದಿಂದ ಒಗಾಕಿಗೆ ಹೋಗಿ, ಅಲ್ಲಿ ರೈಲು ಬದಲಿಸಿದರೆ ಸೆಕಿಗಹರಾ ಸಿಗುತ್ತದೆ. 2020ರಲ್ಲಿ ಅಲ್ಲಿ ತೆರೆದ ಯುದ್ಧಭೂಮಿ ಸ್ಮಾರಕ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿಕೊಂಡು, ಮತ್ಸುವೊ ಗುಡ್ಡಕ್ಕೆ ಅರ್ಧ ದಿನ ಮೀಸಲಿಡಿ; ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ನೀರು ಇರಲಿ.

ಇತಿ,
ತಮ್ಮ ಓದುಗ,
ಬೆಂಗಳೂರು